ಆಡು ಮುಟ್ಟದ ಸೊಪ್ಪು ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕು. ಎರಡು ಎಕರೆ ಕೆಂಪು ಮಣ್ಣಿನ ಖುಷ್ಕಿಯಲ್ಲಿ ಹೋದ ಜುಲೈನಲ್ಲಿ 160 ಶ್ರೀಗಂಧ, 50 ಹುಣಸೆ, 30 ಮಾವಿನ ಸಸಿ ನೆಟ್ಟಿದ್ದೇವೆ. ಶ್ರೀಗಂಧದ ಪಕ್ಕದಲ್ಲೇ ತೊಗರಿ ಇದೆ. ಹಗಲು ಊರಿನ ಆಡು ಮತ್ತು ದಾರಿಹೋಕ ಕುರಿಮಂದೆ, ರಾತ್ರಿ ಮೊಲ. ಒಂದು ಸುಳಿಯನ್ನೂ ಉಳಿಸುತ್ತಿಲ್ಲ. ಬೇವಿನೆಣ್ಣೆ ಎರಡು ಸಲ ಹೊಡೆದೆವು, ಏನೂ ಪ್ರಯೋಜನವಾಗಲಿಲ್ಲ. ಸುತ್ತ ತಂತಿ ಬೇಲಿ ಹಾಕಿಸಲು ಈಗ ದುಡ್ಡಿಲ್ಲ. ವಿಷವಲ್ಲದ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಮದ್ದು ಇದೆಯೇ?

ಉತ್ತರ: ಇದೆ, ಆದರೆ ಅದರಿಂದ ಎಷ್ಟು ಕೆಲಸ ನಿರೀಕ್ಷಿಸಬಹುದು ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಸಗಣಿ, ಮೊಟ್ಟೆ, ಮೆಣಸಿನಕಾಯಿ, ಹೊಂಗೆ ಎಣ್ಣೆ ಯಾವುದೇ ಇರಲಿ, ಸಿಂಪಡಿಸಿದ ದಿನ ಗಿಡದ ಮೇಲಿದ್ದ ಎಲೆಯನ್ನಷ್ಟೇ ಅದು ಕಾಯುತ್ತದೆ. ಎಂಟು ದಿನದ ನಂತರ ಹೊರಟ ಕುಡಿಗೆ ಅದರ ರಕ್ಷಣೆ ಇಲ್ಲ. ಅಕ್ಕಪಕ್ಕದಲ್ಲಿ ಬೇರೆ ಹಸಿರು ಇರುವವರೆಗೆ ಆಡು ನಿಮ್ಮ ಗಿಡವನ್ನು ಮೂಸಿ ಮುಂದೆ ಹೋಗುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಇಡೀ ಬಯಲು ಒಣಗಿ ನಿಮ್ಮ ಹುಣಸೆ ಸಸಿಯೊಂದೇ ಹಸಿರಾಗಿ ನಿಂತಾಗ ಎಂಥ ನಾತ ಬಳಿದರೂ ಅದು ತಿನ್ನುತ್ತದೆ. ಹಾಗಾಗಿ ಜೂನ್‌ನಿಂದ ಜನವರಿಯವರೆಗೆ ಮದ್ದು, ಫೆಬ್ರವರಿಯಿಂದ ಮೇ ತನಕ ಮುಳ್ಳು ಎಂದು ವರ್ಷವನ್ನು ಎರಡು ಪಾಲು ಮಾಡಿಕೊಳ್ಳಿ. ಮದ್ದೊಂದನ್ನೇ ನಂಬಿದರೆ ಎರಡನೇ ಬೇಸಿಗೆ ದಾಟುವುದು ಕಷ್ಟ.

ಬೇವಿನೆಣ್ಣೆ ಏಕೆ ಕೈಕೊಟ್ಟಿತು ಎಂದರೆ, ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳಕ್ಕೆ ಮೇವು ಬಿಡಿಸುವ ಅಂಶ, ಆಡಿಗಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಆಡಿಗೆ ಬೇವಿನ ಕೊಂಬೆಯನ್ನೇ ಕಡಿದು ಹಾಕುತ್ತಾರಲ್ಲವೇ? ದಿನಾ ಬೇವು ಮೇಯುವ ಪ್ರಾಣಿಗೆ ನೀವು ಬೇವಿನ ಒಗ್ಗರಣೆ ಹಾಕಿ ಕೊಟ್ಟಿರಿ, ಅಷ್ಟೇ. ಕಹಿ ಅದಕ್ಕೆ ದೊಡ್ಡ ವಿಷಯವೇ ಅಲ್ಲ. "ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಹಾಗಿದ್ದೂ ಇದೇ ಭಾಷೆಯಲ್ಲಿ ಒಂದು ಔಷಧಿ ಬಳ್ಳಿಗೆ ಆಡುಮುಟ್ಟದ ಬಳ್ಳಿ ಎಂಬ ಹೆಸರೂ ಇದೆ. ಹೊಲದ ಬದುವಿನಲ್ಲಿ ನೋಡಿ: ಸೀತಾಫಲ, ಎಕ್ಕ, ಲಕ್ಕಿ, ಆಡುಸೋಗೆ ಇವು ಮೇಕೆ ಓಡಾಡುವ ಜಾಗದಲ್ಲೇ ಸೊಂಪಾಗಿ ಬೆಳೆದಿರುತ್ತವೆ. ಅಂದರೆ ಆಡಿಗೂ ಬೇಡದ ವಾಸನೆ, ಬೇಡದ ರುಚಿ ಎಂಬುದು ಇದೆ.

ಮದ್ದು ಕಲಸುವ ಮೊದಲು ಯಾವ ಪ್ರಾಣಿ ತಿಂದಿದೆ ಎಂದು ಗಿಡದ ಹತ್ತಿರ ಕುಳಿತು ನೋಡಿ. ಆಡು, ಕುರಿ, ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ. ಕುಡಿಯನ್ನು ಒತ್ತಿ ಹಿಡಿದು ಎಳೆಯುತ್ತವೆ. ತಿಂದ ತುದಿ ಹರಿದ ದಾರದಂತೆ ನಾರುನಾರಾಗಿ, ಒಂದು ಕಡೆ ತೊಗಟೆ ಕೆಳಕ್ಕೆ ಸುಲಿದಂತೆ ಕಾಣುತ್ತದೆ. ಮೊಲಕ್ಕೆ ಮೇಲೂ ಕೆಳಗೂ ಬಾಚಿ ಹಲ್ಲು; ಅದು ಕಡಿದ ತುದಿ ಕುಡುಗೋಲಲ್ಲಿ ಓರೆಯಾಗಿ ಕೊಯ್ದಷ್ಟು ನುಣುಪು. ನೆಲದಿಂದ ಎರಡಡಿಯೊಳಗೆ ಓರೆ ಕೊಯ್ತ ಇದ್ದು, ಕಡಿದ ತುಂಡು ತಿನ್ನದೆ ಅಲ್ಲೇ ಬಿದ್ದಿದ್ದರೆ ಅದು ಮೊಲ. ನಾಲ್ಕೈದು ಅಡಿ ಎತ್ತರದ ಕುಡಿಯೂ ಹೋಗಿದ್ದರೆ ಆಡು. ಹಿಂಗಾಲ ಮೇಲೆ ನಿಂತು ಗಿಡ ಬಗ್ಗಿಸಿಕೊಳ್ಳುವ ಕಲೆ ಕುರಿಗಿಂತ ಅದಕ್ಕೇ ಚೆನ್ನಾಗಿ ಬರುತ್ತದೆ. ಬುಡದ ತೊಗಟೆ ಕೆರೆದು ತಿಂದು, ಪಕ್ಕದಲ್ಲಿ ಮಣ್ಣು ಬಗೆದಿದ್ದರೆ ಮುಳ್ಳುಹಂದಿ. ನೀವು ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದ ಕಡೆಯವರಾದರೆ ಇನ್ನೊಂದು ಗುರುತನ್ನೂ ನೋಡಿ: ಕೊಂಡುಕುರಿ (ನಾಲ್ಕು ಕೊಂಬಿನ, ಜಿಂಕೆಯಂಥ ಚಿಕ್ಕ ಕಾಡುಪ್ರಾಣಿ) ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲಿ ಸಣ್ಣ ರಾಶಿಯೇ ಬೆಳೆದಿರುತ್ತದೆ. ಆಡಿನ ಹಿಕ್ಕೆ ದಾರಿಯುದ್ದ ಚೆಲ್ಲಿರುತ್ತದೆ.

ಇಷ್ಟೆಲ್ಲ ನೋಡಬೇಕಾದ್ದು ಏಕೆಂದರೆ ಮದ್ದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಮೇಯುವ ಪ್ರಾಣಿಗಳು ಸಗಣಿ ತಾಗಿದ ಮೇವನ್ನು ಬಿಡುತ್ತವೆ. ಜಂತುಹುಳದಿಂದ ತಪ್ಪಿಸಿಕೊಳ್ಳಲು ಹುಟ್ಟಿನಿಂದಲೇ ಬಂದ ಎಚ್ಚರಿಕೆ ಅದು. ಹುಲ್ಲುಗಾವಲಿನಲ್ಲಿ ಸಗಣಿ ಬಿದ್ದ ಜಾಗದ ಸುತ್ತ ಹುಲ್ಲು ಎತ್ತರ ಬೆಳೆದು ನಿಂತಿರುವುದನ್ನು ನೀವೂ ಕಂಡಿರುತ್ತೀರಿ. ಇಲ್ಲೊಂದು ಸೂಕ್ಷ್ಮವಿದೆ. ತನ್ನ ಜಾತಿಯ ಹಿಕ್ಕೆಯ ವಾಸನೆಗೆ ಪ್ರಾಣಿ ಹೇಸುವಷ್ಟು ಬೇರೆ ಜಾತಿಯದಕ್ಕೆ ಹೇಸುವುದಿಲ್ಲ. ಬರೀ ಹಸುವಿನ ಸಗಣಿ ಹೊಡೆದವರು "ದನ ಬಿಟ್ಟಿತು, ಆಡು ಬಿಡಲಿಲ್ಲ" ಎನ್ನುವುದಕ್ಕೆ ಕಾರಣ ಇದೇ. ಆಡು–ಕುರಿಗೆ ಮಾಡುವ ಬಗ್ಗಡದಲ್ಲಿ ಆಡು–ಕುರಿಯ ಹಿಕ್ಕೆಯೇ ಇರಬೇಕು.

ಹಿಕ್ಕೆ ಬಗ್ಗಡ ಮಾಡುವ ಕ್ರಮ ಇದು. ಹಟ್ಟಿಯಿಂದ ಅದೇ ದಿನದ ಹಸಿ ಹಿಕ್ಕೆ 3 ಕೆ.ಜಿ. ತನ್ನಿ. ಒಣಗಿ ಗುಂಡಾದ ಹಿಕ್ಕೆಯಲ್ಲಿ ವಾಸನೆ ಉಳಿದಿರುವುದಿಲ್ಲ, ನೆನೆಯುವುದೂ ತಡ. ಹಸಿ ಸಗಣಿ 2 ಕೆ.ಜಿ., ಗಂಜಲ 1 ಲೀಟರ್, ನೀರು 10 ಲೀಟರ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆನೆಹಾಕಿ, ಬಾಯಿಗೆ ಗೋಣಿಚೀಲ ಹೊದಿಸಿ, ನೆರಳಲ್ಲಿ ಎರಡು ರಾತ್ರಿ ಬಿಡಿ. ದಿನಕ್ಕೆ ಎರಡು ಸಲ ಕೋಲಿನಿಂದ ಕುಟ್ಟಿ ತಿರುವಬೇಕು. ಮೂರನೇ ದಿನ ಅರ್ಧ ಕೆ.ಜಿ. ಜೇಡಿಮಣ್ಣನ್ನು ನೀರಲ್ಲಿ ಕದಡಿ, ಕಲ್ಲು ತಳಕ್ಕಿಳಿದ ಮೇಲೆ ಮೇಲಿನ ಕೆನೆಯನ್ನಷ್ಟೇ ಸುರಿಯಿರಿ. ಮಣ್ಣು ಅಂಟಿನ ಕೆಲಸ ಮಾಡುತ್ತದೆ, ಇಲ್ಲವಾದರೆ ಒಣಗಿದ ಬಗ್ಗಡ ಒಂದೇ ಗಾಳಿಗೆ ಉದುರುತ್ತದೆ. ಕೆಲವರು ಅಂಟಿಗೆಂದು ಬೆಲ್ಲ ಹಾಕುತ್ತಾರೆ. ದಯವಿಟ್ಟು ಬೇಡ. ಸಿಹಿಗೆ ಇರುವೆ ಬರುತ್ತದೆ, ಆಡು ನೆಕ್ಕುವುದಕ್ಕೆ ಬರುತ್ತದೆ. ಉಪ್ಪೂ ಹಾಗೆಯೇ, ಉಪ್ಪಿಗೆ ಹಸಿದ ಆಡಿಗೆ ಅದು ಆಮಂತ್ರಣ, ಎಲೆಯೂ ಸುಡುತ್ತದೆ.

ಗಂಜಲದ ಅಳತೆ ಮೀರಬೇಡಿ. ಹತ್ತಕ್ಕೆ ಒಂದರ ಆಚೆ ಹೋದರೆ ಎಳೆ ಎಲೆಯ ಅಂಚು ಕಂದಿ ಸುಟ್ಟಂತಾಗುತ್ತದೆ. ಹಳಸಿದ ಗಂಜಲದಲ್ಲಿ ಅಮೋನಿಯಾ ಹೆಚ್ಚು, ಅದು ಇನ್ನೂ ಬೇಗ ಸುಡುತ್ತದೆ.

ಈ ಬಗ್ಗಡವನ್ನು ಪಂಪಿಗೆ ಹಾಕಿದರೆ ಮೊದಲ ಸಾಲು ಮುಗಿಯುವುದರೊಳಗೆ ನಾಜಲ್ ಕಟ್ಟಿಕೊಳ್ಳುತ್ತದೆ. ಎಷ್ಟು ಸೋಸಿದರೂ ಅಷ್ಟೇ. ಲಕ್ಕಿ ಅಥವಾ ಬೇವಿನ ಎಲೆಗೊಂಚಲನ್ನು ಕಟ್ಟಿ, ಬಕೆಟ್ಟಿನಲ್ಲಿ ಅದ್ದಿ, ಸುಳಿಯ ಮೇಲಿನಿಂದ ಒಂದೂವರೆ ಅಡಿ ಕೆಳಗಿನ ತನಕ ಕೊಡವಿದರೆ ಸಾಕು. ಎಲೆಯ ಮೇಲೆ ಹನಿಹನಿಯಾಗಿ ಕಂದು ಚುಕ್ಕೆ ಬೀಳಬೇಕು, ಎಲೆ ಪೂರ್ತಿ ಮುಚ್ಚಬಾರದು. ಗಿಡವನ್ನೇ ಬಗ್ಗಡದಲ್ಲಿ ಮೀಯಿಸಿ, ಹದಿನೈದು ದಿನ ಎಲೆಗೆ ಬಿಸಿಲು ಕಾಣದಂತೆ ಮಾಡಿ, ಕೊನೆಗೆ ಗಿಡ ಹಳದಿಯಾಯಿತು ಎಂದು ಕೊರಗುವವರು ಬಹಳ. ಪ್ರಾಣಿ ಮೊದಲು ಬಾಯಿ ಹಾಕುವುದು ಕುಡಿಗೆ. ಅಲ್ಲಿ ವಾಸನೆ ಹೊಡೆದರೆ ಕೆಳಗಿನ ಬಲಿತ ಎಲೆಗೆ ಇಳಿಯುವುದು ಕಡಿಮೆ.

ಮೊಲಕ್ಕೂ ಕೊಂಡುಕುರಿ, ಕೃಷ್ಣಮೃಗಕ್ಕೂ ಮೊಟ್ಟೆಯ ಮದ್ದು ಮೇಲು. ಕೊಳೆತ ಮೊಟ್ಟೆಯಿಂದ ಬರುವ ಗಂಧಕದ ವಾಸನೆ ಮಾಂಸ ತಿನ್ನುವ ಪ್ರಾಣಿ ಹತ್ತಿರದಲ್ಲಿದೆ ಎಂಬ ಸುಳಿವಿನಂತೆ ಸೊಪ್ಪು ತಿನ್ನುವ ಪ್ರಾಣಿಗೆ ತೋರುತ್ತದೆ. ವಿದೇಶಗಳಲ್ಲಿ ಜಿಂಕೆ ಕಾಟಕ್ಕೆ ಮಾರುವ ಎಷ್ಟೋ ಸಿದ್ಧ ಮದ್ದುಗಳ ತಿರುಳು ಇದೇ. ನೂರು ಪಾಲಿನಲ್ಲಿ ಇಪ್ಪತ್ತು ಪಾಲು ಮೊಟ್ಟೆ, ಉಳಿದದ್ದು ನೀರು. ನಿಮ್ಮ 240 ಗಿಡಕ್ಕೆ ಗಿಡವೊಂದಕ್ಕೆ 40 ಮಿಲಿ ಎಂದು ಹಿಡಿದರೆ 10 ಲೀಟರ್ ದ್ರಾವಣ ಬೇಕು. ಅದಕ್ಕೆ ಮಧ್ಯಮ ಗಾತ್ರದ 40 ಮೊಟ್ಟೆ. ಅಂಗಡಿಯ ಮೊಟ್ಟೆ ದುಬಾರಿಯಾದೀತು, ಕೋಳಿ ಫಾರಂನಲ್ಲಿ ಬಿರುಕು ಬಿಟ್ಟ ಮೊಟ್ಟೆ ಕೇಳಿ ತನ್ನಿ.

ಒಡೆದ ಮೇಲೆ ಹಳದಿಗೆ ಅಂಟಿಕೊಂಡ ಬಿಳಿ ದಾರದಂಥ ಭಾಗವನ್ನು ಬೆರಳಿನಿಂದ ತೆಗೆದುಹಾಕಿ. ಕೈ ಜಾರುವ, ಬೇಸರದ ಕೆಲಸ. ಬಿಟ್ಟರೆ ಅದೇ ದಾರ ನಾಜಲ್ಲಿಗೆ ಸುತ್ತಿಕೊಳ್ಳುತ್ತದೆ. ಚೆನ್ನಾಗಿ ಕಡೆದು, 2 ಲೀಟರ್ ತಣ್ಣೀರಿಗೆ ಬೆರೆಸಿ, ಹಳೆ ಪಂಚೆಯ ಎರಡು ಮಡಿಕೆಯಲ್ಲಿ ಸೋಸಿ. ಬಿಸಿನೀರು ಹಾಕಿದರೆ ಮೊಟ್ಟೆ ಗಟ್ಟಿಯಾಗಿ ಎಲ್ಲ ಹಾಳು. ಒಂದು ದಿನ ನೆರಳಲ್ಲಿಡಿ. ಕ್ಯಾನಿನ ಮುಚ್ಚಳ ಬಿಗಿಯಬೇಡಿ, ಗಾಳಿ ತುಂಬಿ ಸಿಡಿಯುತ್ತದೆ. ವಾರಗಟ್ಟಲೆ ಕೊಳೆಸಬೇಕಿಲ್ಲ, ಎಲೆಯ ಮೇಲೆ ಒಣಗಿದ ಮೊಟ್ಟೆ ಅಲ್ಲೇ ನಿಧಾನಕ್ಕೆ ಕೊಳೆಯುತ್ತದೆ. ಅಂಟು ಬೇರೆ ಬೇಡ, ಮೊಟ್ಟೆಯೇ ಅಂಟು. ಒಣಗಿದ ಮೇಲೆ ಮನುಷ್ಯರ ಮೂಗಿಗೆ ಹೆಚ್ಚು ತಿಳಿಯುವುದಿಲ್ಲ, ಮೊಲಕ್ಕೆ ತಿಳಿಯುತ್ತದೆ. ಮೊದಲ ಒಂದೆರಡು ದಿನ ನಾಯಿ ಮೂಸಿಕೊಂಡು ಬರಬಹುದು, ಬರಲಿ ಬಿಡಿ.

ಇದಕ್ಕೆ ಖಾರ ಸೇರಿಸಿದರೆ ವಾಸನೆಗೆ ಜಗ್ಗದೆ ಬಾಯಿ ಹಾಕಿದ ಪ್ರಾಣಿಗೂ ಪಾಠವಾಗುತ್ತದೆ. ಖಾರದ ವಿಷಯದಲ್ಲಿ ಆಗುವ ತಪ್ಪುಗಳು ಎರಡು. ಒಂದು, ಬ್ಯಾಡಗಿ ಮೆಣಸಿನಕಾಯಿ ಬಳಸುವುದು. ಅದು ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ. ಗುಂಟೂರಿನಂಥ ಖಾರದ ಕಾಯಿಯೇ ಬೇಕು. ಎರಡು, ಪುಡಿಯನ್ನು ನೀರಲ್ಲಿ ಕುದಿಸಿ ಸೋಸುವುದು. ಖಾರದ ಅಂಶ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕೆಂಪು ನೀರು ಬರುತ್ತದೆ, ಖಾರ ಗಸಿಯಲ್ಲೇ ಉಳಿಯುತ್ತದೆ. ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ.

ಹೊಂಗೆ ಎಣ್ಣೆ 100 ಮಿಲಿಯನ್ನು ಕೈ ತಾಳದಷ್ಟು ಬಿಸಿ ಮಾಡಿ, ಹೊಗೆಯಾಡಿಸದೆ ಇಳಿಸಿ, 50 ಗ್ರಾಂ ಖಾರದ ಪುಡಿ ಕಲಸಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಟ್ಟೆಯಲ್ಲಿ ಹಿಂಡಿದರೆ 60 ಮಿಲಿಯಷ್ಟು ಎಣ್ಣೆ ಸಿಗುತ್ತದೆ. 10 ಲೀಟರ್‌ಗೆ ಅದು ಸರಿಯಾದ ಅಳತೆ. ಲೀಟರ್‌ಗೆ 10 ಮಿಲಿ ಮೀರಿದ ಎಣ್ಣೆ ಬಿಸಿಲಿಗೆ ಎಲೆ ಸುಡುತ್ತದೆ. ಬೇವಿನ ಬದಲು ಹೊಂಗೆ ಏಕೆಂದರೆ ಹೊಂಗೆ ಸೊಪ್ಪನ್ನು ಆಡು ತಾನಾಗಿ ಬಯಸಿ ತಿನ್ನುವುದು ಕಡಿಮೆ.

ಎಣ್ಣೆ ನೀರಿಗೆ ಬೆರೆಯಲು ಸೋಪು ಬೇಕು. ಜಗಳೂರು, ಚಳ್ಳಕೆರೆ, ಹಿರಿಯೂರು ಸೀಮೆಯ ಬೋರ್ ನೀರಿನಲ್ಲಿ ಇಡೀ ಕೆಲಸ ಕೆಡುವುದು ಇಲ್ಲೇ. ನಮ್ಮ ಬೋರ್ ನೀರು ಗಡಸು. ಬಾರ್ ಸೋಪು ಹಾಕಿದರೆ ನೊರೆ ಬರುವ ಬದಲು ಮೊಸರೊಡೆದಂತೆ ಬಿಳಿ ಗರಣೆ ತೇಲುತ್ತದೆ. ಎಣ್ಣೆ ಬೇರ್ಪಟ್ಟು ಡ್ರಮ್ಮಿನ ಮೇಲೆ ನಿಲ್ಲುತ್ತದೆ. ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ಹತ್ತು ಗಿಡಕ್ಕೆ ಬರೀ ಎಣ್ಣೆ. ಆ ಹತ್ತು ಗಿಡ ಸುಟ್ಟು ಹೋದವು ಎಂದು ಮದ್ದಿಗೆ ಬೈಗುಳ. ಅಂಟುವಾಳದ ಕಾಯಿ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಬೀಜ ತೆಗೆದ 50 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ. ಆ ನೊರೆ ನೀರಿಗೆ ಖಾರದ ಎಣ್ಣೆಯನ್ನು ಸಣ್ಣ ಧಾರೆಯಾಗಿ ಸುರಿಯುತ್ತಾ ಕಡೆಯಿರಿ. ಹಾಲಿನ ಬಣ್ಣ ಬಂದ ಮೇಲಷ್ಟೇ ಮೊಟ್ಟೆ ನೀರು, ಆಮೇಲೆ ಉಳಿದ ನೀರು. ಒಂದು ಲೋಟ ತೆಗೆದಿಟ್ಟು ಹತ್ತು ನಿಮಿಷ ನೋಡಿ. ಮೇಲೆ ಎಣ್ಣೆಯ ಉಂಗುರ ಕಂಡರೆ ಇನ್ನೊಂದಿಷ್ಟು ಅಂಟುವಾಳದ ನೀರು ಹಾಕಿ ಮತ್ತೆ ಕಡೆಯಬೇಕು.

ಇದನ್ನು ಪಂಪಿನಲ್ಲೇ ಹೊಡೆಯಬಹುದು. ಸಂಜೆ ನಾಲ್ಕರ ನಂತರ, ಗಾಳಿ ನಿಂತಾಗ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನಲ್ಲ. ಜೂನ್‌ನಿಂದ ಆಗಸ್ಟ್ ತನಕ ಈ ಸೀಮೆಯಲ್ಲಿ ಹಗಲು ಹೊಡೆದ ಮದ್ದು ಗಿಡಕ್ಕಿಂತ ಹೊಡೆಯುವವರ ಕಣ್ಣಿಗೇ ಹೆಚ್ಚು ಬೀಳುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಕಣ್ಣಿಗೆ ಕನ್ನಡಕ, ಮೂಗಿಗೆ ಟವೆಲು. ಮೊದಲ ದಿನ ಐದು ಗಿಡಕ್ಕೆ ಮಾತ್ರ ಹೊಡೆದು ಎರಡು ದಿನ ಕಾದು, ಎಲೆ ಕಂದದಿದ್ದರೆ ಉಳಿದವಕ್ಕೆ ಹೋಗಿ. ಶ್ರೀಗಂಧದ ಎಳೆ ಎಲೆ ಮಾವಿನ ಎಲೆಗಿಂತ ನಾಜೂಕು.

ಮತ್ತೆ ಯಾವಾಗ ಹೊಡೆಯಬೇಕು ಎಂಬುದನ್ನು ತಾರೀಖು ನೋಡಿ ಅಲ್ಲ, ಗಿಡ ನೋಡಿ ತೀರ್ಮಾನಿಸಿ. ಹೊಸ ಕುಡಿ ನಾಲ್ಕು ಬೆರಳು ಬಂತೇ, ಹೊಡೆಯಿರಿ. ಎಲೆ ತೊಳೆದು ಹೋಗುವಂಥ ಮಳೆ ಬಂತೇ, ಮರುದಿನ ಎಲೆ ಒಣಗಿದ ಮೇಲೆ ಹೊಡೆಯಿರಿ. ಎರಡೂ ಆಗದಿದ್ದರೆ ಹಿಕ್ಕೆ ಬಗ್ಗಡ ಹದಿನೈದು ದಿನ, ಮೊಟ್ಟೆ ಮದ್ದು ಮೂರರಿಂದ ನಾಲ್ಕು ವಾರ. ನಿಮ್ಮ ಕಡೆ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ, ಅಂದರೆ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ. ಗಿಡ ಜೋರಾಗಿ ಚಿಗುರುವುದೂ ಆಗಲೇ, ಮದ್ದು ಮಳೆಗೆ ಹೆಚ್ಚು ತೊಳೆದು ಹೋಗುವುದೂ ಆಗಲೇ. ವರ್ಷದ ಅರ್ಧ ಸಿಂಪಡಣೆ ಆ ಆರು ವಾರದಲ್ಲೇ ಬೀಳುತ್ತದೆ ಎಂದು ಆಳು–ಕಾಳಿನ ಲೆಕ್ಕ ಹಾಕಿಕೊಳ್ಳಿ. ಅದೃಷ್ಟಕ್ಕೆ ಆಗ ಬಯಲಲ್ಲೆಲ್ಲ ಹುಲ್ಲಿರುತ್ತದೆ, ಕಾಟ ಕಡಿಮೆ.

ಒಂದೇ ಮದ್ದನ್ನು ಸತತ ಹೊಡೆದರೆ ಪ್ರಾಣಿಗೆ ರೂಢಿಯಾಗುತ್ತದೆ. ವಾಸನೆಯಿಂದ ತನಗೇನೂ ಆಗಲಿಲ್ಲ ಎಂದು ಒಮ್ಮೆ ಗೊತ್ತಾದರೆ ಮುಗಿಯಿತು. ಒಂದು ಸಲ ಹಿಕ್ಕೆ, ಮುಂದಿನ ಸಲ ಮೊಟ್ಟೆ–ಖಾರ ಎಂದು ಬದಲಾಯಿಸಿ. ಹತ್ತು ಗಿಡಕ್ಕೆ ಏನೂ ಹೊಡೆಯದೆ ಬಟ್ಟೆ ಚೂರು ಕಟ್ಟಿ ಗುರುತಿಟ್ಟುಕೊಳ್ಳಿ. ತಿಂಗಳ ಕೊನೆಗೆ ಆ ಹತ್ತರಲ್ಲಿ ಎಷ್ಟರ ಸುಳಿ ಹೋಗಿದೆ, ಹೊಡೆದ ಹತ್ತರಲ್ಲಿ ಎಷ್ಟು ಎಂದು ಎಣಿಸಿದರೆ ನಿಮ್ಮ ಹೊಲದ ಮಟ್ಟಿಗೆ ಯಾವುದು ನಿಜ ಎಂದು ತಿಳಿಯುತ್ತದೆ. ಎರಡರಲ್ಲೂ ಒಂದೇ ಲೆಕ್ಕ ಬಂದರೆ ಮದ್ದಿಗೆ ಖರ್ಚು ಮಾಡುವುದನ್ನು ನಿಲ್ಲಿಸಿ ಮುಳ್ಳು ಕಡಿಯಲು ಹೋಗಿ.

ಇನ್ನು ನಿಮ್ಮ ತೊಗರಿ. ಶ್ರೀಗಂಧ ತನ್ನ ಬೇರನ್ನು ಬೇರೆ ಗಿಡದ ಬೇರಿಗೆ ಕಚ್ಚಿಸಿ ಆಹಾರ ಹೀರುವ ಮರ, ಆಸರೆ ಗಿಡ ಬೇಕೇ ಬೇಕು. ತೊಗರಿ ಹಾಕಿದ್ದು ತಪ್ಪಲ್ಲ. ಆದರೆ ತೊಗರಿ ಸೊಪ್ಪು ಆಡಿಗೆ ಅಚ್ಚುಮೆಚ್ಚು. ತೊಗರಿಗೆಂದು ಬಂದ ಆಡು ಪಕ್ಕದ ಶ್ರೀಗಂಧವನ್ನೂ ಮುಗಿಸುತ್ತದೆ. ಆ ಸೊಪ್ಪೂ ಅದಕ್ಕೆ ಇಷ್ಟವೇ. ಈ ವರ್ಷ ತೊಗರಿಗೂ ಹೂ ಕಚ್ಚುವ ತನಕ ಹಿಕ್ಕೆ ಬಗ್ಗಡ ಕೊಡವಿ, ಆಮೇಲೆ ಬೇಡ. ಮುಂದಿನ ಮಳೆಗಾಲಕ್ಕೆ ಶಾಶ್ವತ ಆಸರೆಯಾಗಿ ಹೊಂಗೆ ಹಾಕಿ: ಶ್ರೀಗಂಧಕ್ಕೆ ಒಳ್ಳೆಯ ಆಸರೆ, ಆಡಿಗೆ ಅಷ್ಟಾಗಿ ಬೇಡದ ಸೊಪ್ಪು. ಹೊರಸಾಲಿಗೆ ಸೀತಾಫಲವನ್ನು ಮೂರಡಿಗೊಂದರಂತೆ ಒತ್ತಾಗಿ ಹಾಕಿದರೆ ಆಡು ಮುಟ್ಟದ ಗೋಡೆಯೊಂದು ತಾನಾಗಿ ಎದ್ದುಬರುತ್ತದೆ, ಹಣ್ಣೂ ಸಿಗುತ್ತದೆ. ನೀರು–ಗೊಬ್ಬರದಲ್ಲೂ ಸ್ವಲ್ಪ ಕೈ ಹಿಡಿಯಿರಿ. ಯೂರಿಯಾ ತಿಂದು ಕೊಬ್ಬಿದ ಎಳೆ ಕುಡಿಯನ್ನು ಪ್ರಾಣಿ ದೂರದಿಂದಲೇ ಆರಿಸಿಕೊಳ್ಳುತ್ತದೆ. ನರ್ಸರಿಯಿಂದ ಆಗಷ್ಟೇ ಬಂದ ಸಸಿಗೆ ಮೊದಲ ವಾರವೇ ಏಟು ಬೀಳುವುದು ಈ ಕಾರಣಕ್ಕೆ. ಸತ್ತ ಗಿಡದ ಜಾಗಕ್ಕೆ ಹೊಸದು ತರುವಾಗ ನೆಡುವ ಎರಡು ದಿನ ಮೊದಲೇ ಪಾಕೀಟಿನಲ್ಲಿದ್ದಾಗಲೇ ಮೊಟ್ಟೆ ಮದ್ದು ಹೊಡೆದು ಒಣಗಿಸಿ. ಸುಲಭ, ಒಂದು ಗಿಡವೂ ತಪ್ಪಿಹೋಗುವುದಿಲ್ಲ.

ಬೇಸಿಗೆಯ ಪಾಲಿಗೆ ಬರೋಣ. ಮೆಕ್ಕೆಜೋಳ, ಶೇಂಗಾ ಕಿತ್ತ ಮೇಲೆ ಹೊಲಗಳು ಬಯಲಾಗಿ ಮಂದೆಗಳು ಇಳಿಯುತ್ತವೆ. ಜನವರಿ ಕೊನೆಯೊಳಗೆ ಪ್ರತಿ ಗಿಡಕ್ಕೂ ಮುಳ್ಳು ಕಟ್ಟಿ ಮುಗಿಸಿರಬೇಕು. ಬಳ್ಳಾರಿ ಜಾಲಿ ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಕಾಯಿ ಬಿಟ್ಟ ಕೊಂಬೆ ತರಬೇಡಿ. ಆ ಸಿಹಿ ಕಾಯಿಗೆ ಆಡು ಬೇಲಿಯನ್ನೇ ಬಿಚ್ಚಿಕೊಂಡು ತಿನ್ನುತ್ತದೆ, ಹಿಕ್ಕೆಯಲ್ಲಿ ಬಂದ ಬೀಜ ನಿಮ್ಮ ಹೊಲದಲ್ಲೇ ಮೊಳೆಯುತ್ತದೆ. ಕಾರೆ ಮುಳ್ಳು ಸಿಕ್ಕರೆ ಅದೇ ವಾಸಿ. ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಮೂರು ಗೂಟ, ಸುತ್ತ ಮುಳ್ಳುಕೊಂಬೆಗಳನ್ನು ಬುಡ ಮೇಲಾಗಿ ತುದಿ ಕೆಳಗಾಗಿ ನಿಲ್ಲಿಸಿ, ಕತ್ತಾಳೆ ನಾರಿನಲ್ಲಿ ಎರಡು ಕಡೆ ಬಿಗಿಯಿರಿ. ತುದಿ ಕೆಳಗಿರಬೇಕು ಎನ್ನುವುದು ಮೊಲದ ಸಲುವಾಗಿ. ದಪ್ಪ ಬುಡ ಕೆಳಗಿದ್ದರೆ ನಡುವಿನ ಸಂದಿಯಲ್ಲಿ ಮೊಲ ನುಸುಳುತ್ತದೆ. ಎತ್ತರ ನಾಲ್ಕೂವರೆ ಅಡಿ. ಮುಳ್ಳು ಕಾಂಡಕ್ಕೆ ತಾಗಿದರೆ ಗಾಳಿಗೆ ಉಜ್ಜಿ ತೊಗಟೆ ಗಾಯವಾಗುತ್ತದೆ, ಬೆರಳು ಹೋಗುವಷ್ಟು ಅಂತರ ಇರಲಿ.

ಬೇಸಿಗೆಯಲ್ಲಿ ಕಾಂಡದ ತೊಗಟೆಗೂ ಬಾಯಿ ಬೀಳುತ್ತದೆ. ಅದಕ್ಕೆ ಬಳಿಯುವ ಲೇಪ: ಜೇಡಿಮಣ್ಣು ಎರಡು ಪಾಲು, ಸಗಣಿ ಎರಡು ಪಾಲು, ತಣಿದ ಹಳೆಯ ಸುಣ್ಣ ಒಂದು ಪಾಲು, ಹೊಂಗೆ ಹಿಂಡಿ ಅರ್ಧ ಪಾಲು, ದೋಸೆ ಹಿಟ್ಟಿನ ಹದಕ್ಕೆ ನೀರು. ಬುಡದಿಂದ ಎರಡೂವರೆ ಅಡಿ ಎತ್ತರದವರೆಗೆ ಬ್ರಶ್ಶಿನಲ್ಲಿ ಬಳಿಯಿರಿ. ತಣಿಯದ ಹಸಿ ಸುಣ್ಣ ತೊಗಟೆಯನ್ನೇ ಬೇಯಿಸುತ್ತದೆ, ಹುಷಾರು. ಇದಕ್ಕೆ ಗಂಜಲ ಬೆರೆಸಬೇಡಿ. ಸುಣ್ಣ ತಾಗಿದರೆ ಅಮೋನಿಯಾ ಅಷ್ಟೂ ಒಮ್ಮೆಲೇ ಹಾರಿ ನಿಮ್ಮ ಕಣ್ಣು ಉರಿಯುತ್ತದೆ, ಗಿಡದ ಮೇಲೆ ಏನೂ ಉಳಿಯುವುದಿಲ್ಲ.

ಕೆಲವು ಮಾತುಗಳನ್ನು ಕೇಳಿದರೂ ನಂಬಬೇಡಿ. ಕ್ಷೌರದಂಗಡಿಯ ಕೂದಲು ಕಟ್ಟಿದರೆ ಸಾಕು ಎನ್ನುತ್ತಾರೆ. ದಿನಾ ಮನುಷ್ಯರ ಜೊತೆಗೇ ಇರುವ ಊರ ಆಡಿಗೆ ಮನುಷ್ಯರ ವಾಸನೆಯಿಂದ ಯಾವ ಭಯ? ಬಟ್ಟೆಗಿಡುವ ನುಸಿಗುಳಿಗೆ ಕಟ್ಟುವುದೂ ಬೇಡ, ಅದು ನೈಸರ್ಗಿಕವೂ ಅಲ್ಲ, ಆರೋಗ್ಯಕ್ಕೂ ಒಳ್ಳೆಯದಲ್ಲ. ತೊಳೆಯದ ಕುರಿ ಉಣ್ಣೆಯನ್ನು ಸುಳಿಗೆ ಸಡಿಲವಾಗಿ ಸುತ್ತುವ ಪದ್ಧತಿ ಯುರೋಪಿನಲ್ಲಿ ಜಿಂಕೆಗೆಂದು ಇದೆ. ಉಣ್ಣೆ ನಮ್ಮಲ್ಲಿ ಕೈಗೆಟಕುವ ವಸ್ತು, ಮೊಲಕ್ಕೂ ಕಾಡುಪ್ರಾಣಿಗೂ ಹತ್ತು ಗಿಡದಲ್ಲಿ ಪರೀಕ್ಷಿಸಿ ನೋಡಬಹುದು. ಕುರಿ–ಆಡಿಗೆ ಅದು ಮನೆಯ ವಾಸನೆ, ಲೆಕ್ಕಕ್ಕಿಲ್ಲ.

ಕಣಗಿಲೆ, ಉಮ್ಮತ್ತಿ ಸೊಪ್ಪಿನ ರಸ ಹೊಡೆಯಲು ಹೇಳುವವರೂ ಇದ್ದಾರೆ. ಖಂಡಿತ ಬೇಡ. ಕಣಗಿಲೆಯ ಕೆಲವೇ ಎಲೆ ಒಂದು ಆಡಿನ ಪ್ರಾಣ ತೆಗೆಯಬಲ್ಲದು. ಪಕ್ಕದ ಮನೆಯವರ ಆಡು ಸತ್ತರೆ ಅದು ಪ್ರಕರಣವೂ ಹೌದು, ಊರಲ್ಲಿ ಮುಖ ತೋರಿಸುವ ಪ್ರಶ್ನೆಯೂ ಹೌದು. ಕಾಡುಪ್ರಾಣಿಗೆ ಉರುಳು, ವಿಷ, ಕರೆಂಟು ಬಿಟ್ಟ ತಂತಿ ಇಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಂಡುಕುರಿ, ಕೃಷ್ಣಮೃಗಕ್ಕೆ ಮಾತ್ರವಲ್ಲ, ಮೊಲಕ್ಕೂ ಆ ಕಾಯ್ದೆಯ ರಕ್ಷಣೆ ಇದೆ. ಇನ್ನು, ನೀವು ತಿನ್ನುವ ಸೊಪ್ಪು, ಕಾಯಿಯ ಮೇಲೆ ಹಿಕ್ಕೆಯಾಗಲಿ ಹಸಿ ಮೊಟ್ಟೆಯಾಗಲಿ ಬೀಳಬಾರದು, ಹೊಟ್ಟೆ ಕೆಡಿಸುವ ರೋಗಾಣು ಅದರಲ್ಲಿರುತ್ತವೆ. ಬದುವಿನ ನುಗ್ಗೆಗೆ ಹೊಡೆಯಬೇಡಿ, ಹುಣಸೆ ಚಿಗುರು ಸಾರಿಗೆ ಕೀಳುವವರಿದ್ದರೆ ಮೊದಲೇ ಹೇಳಿಡಿ.

ದಾರಿಹೋಕ ಮಂದೆಯ ಮಟ್ಟಿಗೆ ಮದ್ದಿಗಿಂತ ಮಾತು ಹೆಚ್ಚು ಕೆಲಸ ಮಾಡುತ್ತದೆ. ಕುರಿಗಾಹಿಗಳ ದಾರಿ ಸಾಮಾನ್ಯವಾಗಿ ವರ್ಷವೂ ಅದೇ. ಮಂದೆ ಬರುವ ವಾರ ಮುಂಚೆ ತಿಳಿದುಕೊಂಡು, ಗಿಡವಿಲ್ಲದ ನಿಮ್ಮ ಬೇರೆ ಹೊಲದಲ್ಲಿ ಎರಡು ರಾತ್ರಿ ಕುರಿ ನಿಲ್ಲಿಸಲು ಮಾತಾಡಿ. ಹೊಲಕ್ಕೆ ಗೊಬ್ಬರ, ಅವರಿಗೆ ಕಾಳೋ ದುಡ್ಡೋ. ತಮ್ಮ ಕುರಿ ನಿಲ್ಲಿಸುವ ರೈತರ ಗಿಡಕ್ಕೆ ಬಾಯಿ ಬೀಳದಂತೆ ನೋಡಿಕೊಳ್ಳುವುದು ಅವರಿಗೆ ಗೊತ್ತು. ಬಗ್ಗಡಕ್ಕೆ ಬೇಕಾದ ಹಸಿ ಹಿಕ್ಕೆಯೂ ಅಲ್ಲೇ ಸಿಗುತ್ತದೆ.

ಈಗಾಗಲೇ ಸುಳಿ ಹೋದ ಗಿಡಗಳನ್ನು ಕಿತ್ತು ಹಾಕಬೇಡಿ. ಹರಿದ ತುದಿಯನ್ನು ಹಾಗೇ ಬಿಟ್ಟರೆ ಒಣಗುತ್ತಾ ಕೆಳಗಿಳಿಯುತ್ತದೆ. ಹರಿದ ಜಾಗದಿಂದ ಕೆಳಗೆ ಆರೋಗ್ಯವಾಗಿರುವ ಮೊಗ್ಗೊಂದನ್ನು ಹುಡುಕಿ, ಅದರ ಅರ್ಧ ಬೆರಳು ಮೇಲೆ ಚೂಪಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಸಗಣಿ–ಮಣ್ಣು ಮೆತ್ತಿ. ಮೂರು ನಾಲ್ಕು ವಾರದಲ್ಲಿ ಎರಡು ಮೂರು ಕವಲು ಒಟ್ಟಿಗೆ ಹೊರಡುತ್ತವೆ. ಮಾವಿಗೆ ಅದು ಲಾಭವೇ. ಶ್ರೀಗಂಧದಲ್ಲಿ ಮಾತ್ರ ನೆಟ್ಟಗಿರುವ ಒಂದನ್ನು ಉಳಿಸಿ ಮಿಕ್ಕವನ್ನು ಒಂದು ಗೇಣು ಬೆಳೆಯುವುದರೊಳಗೆ ಚಿವುಟಿ. ಕರ್ನಾಟಕ ಅರಣ್ಯ ಕಾಯ್ದೆಗೆ 2001ರಲ್ಲಾದ ತಿದ್ದುಪಡಿಯ ನಂತರ ಶ್ರೀಗಂಧದ ಮರ ಬೆಳೆದವರದ್ದೇ ಹೌದಾದರೂ, ಬೆಲೆ ಬರುವುದು ನೆಟ್ಟಗಿನ ಕಾಂಡದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ತಿರುಳಿಗೆ. ಉಳಿಸಿದ ಆ ಒಂದು ಕುಡಿಗೆ ನಾಲ್ಕು ಬೆರಳಾದ ಸಂಜೆಯೇ ಮದ್ದು ಬೀಳಲಿ. ಕುಡಿ ಆರಡಿ ದಾಟಿದ ಗಿಡಕ್ಕೆ ಆಡಿನ ಬಾಯಿ ಎಟಕುವುದು ಕಡಿಮೆ. ಅಲ್ಲಿಂದ ಮುಂದೆ ಸಿಂಪಡಣೆ ನಿಲ್ಲಿಸಿ, ಕಾಂಡದ ಲೇಪವನ್ನು ಇನ್ನೆರಡು ಬೇಸಿಗೆ ಮುಂದುವರಿಸಿ. ಎಮ್ಮೆ, ಎತ್ತು ಮೈ ಉಜ್ಜಿಕೊಳ್ಳುವ ದಾರಿಯ ಬದಿಯ ಸಾಲಿಗೆ ಮುಳ್ಳನ್ನು ಇನ್ನೊಂದು ವರ್ಷ ಬಿಚ್ಚಬೇಡಿ.